ದೋಹಾದಲ್ಲಿ ಅಕ್ಷರ ವಿನ್ಯಾಸದ ಓದು: ಶುಲ್ಕದ ಲೆಕ್ಕ, ಲಿಪಿಯ ಲೆಕ್ಕ

ದೋಹಾದ ಯಾವ ರಸ್ತೆಯಲ್ಲಿ ನಿಂತರೂ ಎರಡು ಲಿಪಿಗಳು ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಬಲದಿಂದ ಎಡಕ್ಕೆ ಓದುವ ಅರೇಬಿಕ್, ಎಡದಿಂದ ಬಲಕ್ಕೆ ಓದುವ ಇಂಗ್ಲಿಷ್. ಅಂಗಡಿಯ ಫಲಕ, ಮೊಸರಿನ ಡಬ್ಬ, ಬ್ಯಾಂಕಿನ ಫಾರಂ, ಮೆಟ್ರೋ ನಿಲ್ದಾಣ ಎಲ್ಲ ಕಡೆಯೂ ಇದೇ ಜೋಡಿ. 2022ರ ಫಿಫಾ ವಿಶ್ವಕಪ್‌ನ ಲಾಂಛನ 2019ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದಾಗ ಅದರ ಇಂಗ್ಲಿಷ್ ಅಕ್ಷರಗಳಿಗೂ ಅರೇಬಿಕ್ ಕ್ಯಾಲಿಗ್ರಫಿಯ ಛಾಯೆ ಕೊಟ್ಟಿದ್ದರು. ಇದರ ಹಿಂದಿರುವ ವಿದ್ಯೆಯ ಹೆಸರು ಟೈಪೊಗ್ರಫಿ, ಅಂದರೆ ಅಕ್ಷರ ವಿನ್ಯಾಸ. ಗ್ರಾಫಿಕ್ ಡಿಸೈನ್ ಪದವಿಯ ಬೆನ್ನೆಲುಬು ಇದೇ.

ಪ್ಲಸ್ ಟು ಮುಗಿಸುವ ನಮ್ಮ ಮಕ್ಕಳಲ್ಲಿ ಈ ಓದನ್ನು ಕೇಳುವವರು ಈಗ ಸಿಗುತ್ತಾರೆ. ತಂದೆ ತಾಯಿಯ ಪ್ರಶ್ನೆ ಮಾತ್ರ ಒಂದೇ: "ಅಕ್ಷರ ಬರೆಯೋದು ಕಲಿಯೋಕೆ ನಾಲ್ಕು ವರ್ಷ, ಅಷ್ಟೊಂದು ದುಡ್ಡು ಬೇಕಾ?" ಲೆಕ್ಕಪತ್ರದ ವೃತ್ತಿಯಲ್ಲಿರುವುದರಿಂದ ಪರಿಚಯದ ಕುಟುಂಬಗಳು ನನ್ನನ್ನೂ ಇದನ್ನೇ ಕೇಳುತ್ತವೆ. ಎಂಜಿನಿಯರಿಂಗ್, ಬಿಕಾಂ, ಸಿಎ ಎಂದರೆ ಊರಿನಲ್ಲಿರುವ ಅಜ್ಜ ಅಜ್ಜಿಗೂ ಅರ್ಥವಾಗುತ್ತದೆ. ಇದು ಹೊಸತು. ಹಾಗಾಗಿ ಮೊದಲು ವಿಷಯ ಏನೆಂದು ನೋಡಿ, ಆಮೇಲೆ ಹಣದ ಮಾತಿಗೆ ಬರೋಣ.

ಕಲಿಯುವುದೇನು?

ಕತಾರ್ ಫೌಂಡೇಶನ್‌ನ ಎಜುಕೇಶನ್ ಸಿಟಿಯಲ್ಲಿ ಅಮೆರಿಕದ ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದ ಕಲಾ ಶಾಲೆ ಇದೆ. ವಿಸಿಯು ಆರ್ಟ್ಸ್ ಕತಾರ್ ಎಂದೇ ಪರಿಚಿತ. 1998ರಲ್ಲಿ ಆರಂಭವಾದಾಗ ಹೆಣ್ಣುಮಕ್ಕಳಿಗೆ ಮಾತ್ರ ಪ್ರವೇಶವಿತ್ತು, ಈಗ ಎಲ್ಲರಿಗೂ ಇದೆ. ನಾಲ್ಕು ವರ್ಷದ ಬಿಎಫ್ಎ ಪದವಿಯಲ್ಲಿ ಮೊದಲ ವರ್ಷ ಕಲೆಯ ಅಡಿಪಾಯ, ಆಮೇಲೆ ಆರಿಸಿಕೊಂಡ ವಿಭಾಗ. ಗ್ರಾಫಿಕ್ ಡಿಸೈನ್ ಅದರಲ್ಲಿ ಒಂದು. ಇಲ್ಲಿನ ವಿಶೇಷವೆಂದರೆ ಅರೇಬಿಕ್ ಮತ್ತು ಲ್ಯಾಟಿನ್ ಲಿಪಿಗಳನ್ನು ಜೊತೆಜೊತೆಯಾಗಿ ಕಲಿಯುವ ಅವಕಾಶ.

ಎರಡು ಲಿಪಿಗಳನ್ನು ಒಂದು ಫಲಕದಲ್ಲಿ ಕೂರಿಸುವುದು ನೋಡಲು ಸುಲಭ, ಮಾಡಲು ಕಷ್ಟ. ಅರೇಬಿಕ್‌ನಲ್ಲಿ ಪದದ ಆರಂಭದಲ್ಲಿ, ನಡುವೆ, ಕೊನೆಯಲ್ಲಿ, ಒಂಟಿಯಾಗಿ ಹೀಗೆ ಜಾಗಕ್ಕೆ ತಕ್ಕಂತೆ ಅಕ್ಷರದ ರೂಪ ಬದಲಾಗುತ್ತದೆ. ಸಾಲು ತುಂಬಲು ಅಕ್ಷರಗಳ ನಡುವಿನ ಗೆರೆಯನ್ನು ಎಳೆದು ಉದ್ದ ಮಾಡುತ್ತಾರೆ, ಅದಕ್ಕೆ ಕಶೀದಾ ಎನ್ನುತ್ತಾರೆ. ಇಂಗ್ಲಿಷ್‌ನಲ್ಲಿ ಇದೇನೂ ಇಲ್ಲ. ಎರಡಕ್ಕೂ ಒಂದೇ ಸೈಜ್ ಸಂಖ್ಯೆ ಕೊಟ್ಟರೂ ಒಂದು ದೊಡ್ಡದಾಗಿ, ಇನ್ನೊಂದು ಚಿಕ್ಕದಾಗಿ ಕಾಣಬಹುದು. ಅದನ್ನು ಕಣ್ಣಳತೆಯಲ್ಲಿ ಸರಿದೂಗಿಸುವುದೇ ಕಲಿಯಬೇಕಾದ ಪಾಠ.

ನಮ್ಮ ಲಿಪಿಗೂ ಬೇಕು

ಈ ಪಾಠ ಕನ್ನಡಕ್ಕೆ ನೇರವಾಗಿ ಅನ್ವಯಿಸುತ್ತದೆ. 'ರಾಷ್ಟ್ರ' ಎಂದು ಬರೆದು ನೋಡಿ. ಒಂದು ಅಕ್ಷರದ ಕೆಳಗೆ ಎರಡು ಒತ್ತು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಕಾಗುವುದಿಲ್ಲ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಶಾಲೆಯಲ್ಲಿ ಮೇಷ್ಟ್ರು 'ಹೊಟ್ಟೆ ಸೀಳಿದ ಧ' ಎಂದು ಹೇಳಿಕೊಡುತ್ತಿದ್ದರಲ್ಲ, ಸಣ್ಣ ಅಕ್ಷರದಲ್ಲಿ ದಪ್ಪಗೆ ಮುದ್ರಿಸಿದರೆ ಆ ಸೀಳು ಮಸಿಯಲ್ಲಿ ಮುಚ್ಚಿಹೋಗುತ್ತದೆ. ಆಗ 'ಧನ' ಹೋಗಿ 'ದನ' ಆಗುತ್ತದೆ. ಲೆಕ್ಕ ಬರೆಯುವವರಿಗೆ ಇದಕ್ಕಿಂತ ದೊಡ್ಡ ತಪ್ಪು ಬೇಕೆ?

ಗಲ್ಫ್‌ನಲ್ಲಿ ರಾಜ್ಯೋತ್ಸವದ ಬ್ಯಾನರ್ ಮಾಡಿಸಿದವರಿಗೆ ಇನ್ನೊಂದು ತೊಂದರೆ ಗೊತ್ತಿರುತ್ತದೆ. ಊರಿನಿಂದ ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಠ್ಯ ಚೆನ್ನಾಗಿಯೇ ಇರುತ್ತದೆ. ಮುದ್ರಣದವರ ಕಂಪ್ಯೂಟರಿಗೆ ಹೋದಾಗ ಒತ್ತುಗಳು ಕಳಚಿ ಪಕ್ಕದಲ್ಲಿ ನಿಲ್ಲುತ್ತವೆ. ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಆಯ್ಕೆ ಆನ್ ಆಗಿರುವುದಿಲ್ಲ, ಅಥವಾ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಬದಲಿಸಿರುವುದಿಲ್ಲ. ಕನ್ನಡ ಓದಲು ಬಾರದ ಆಪರೇಟರ್‌ಗೆ ತಪ್ಪು ಕಾಣುವುದೂ ಇಲ್ಲ. ಈಗ ಯಂತ್ರಗಳು ಕ್ಷಣದಲ್ಲಿ ಪೋಸ್ಟರ್ ಮಾಡಿಕೊಡುತ್ತವೆ. ಅದರಲ್ಲಿರುವ ಕನ್ನಡ ಸರಿಯಿದೆಯೇ ಎಂದು ನೋಡಲು ಲಿಪಿ ಬಲ್ಲ ಕಣ್ಣೇ ಬೇಕು.

ಕನ್ನಡದ ಅಚ್ಚಿನ ಇತಿಹಾಸ ಸಣ್ಣದಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂಗಾಳದ ಸೆರಾಂಪುರದಲ್ಲಿ 1817ರಲ್ಲೇ ಅಚ್ಚಾಯಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಬಂತು. ಕಂಪ್ಯೂಟರ್ ಕಾಲಕ್ಕೆ ಬಂದರೆ, ನಾವು ಇಂದು ಬಳಸುವ ಕೀಲಿಮಣೆಯ ವಿನ್ಯಾಸ ಕೊಟ್ಟವರು ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್. 2024ರ ಸೆಪ್ಟೆಂಬರ್‌ನಲ್ಲಿ ಬಂದ ಯೂನಿಕೋಡ್ 16.0ರಲ್ಲಿ ತುಳು-ತಿಗಳಾರಿ ಲಿಪಿ ಸೇರಿತು. ಅದರ ಪ್ರಸ್ತಾವ ಸಿದ್ಧಪಡಿಸಿದವರಲ್ಲಿ ಒಬ್ಬರಾದ ವೈಷ್ಣವಿ ಮೂರ್ತಿ ಅಕ್ಷರ ವಿನ್ಯಾಸಕಿ. ಲಿಪಿಗೆ ಸಂಕೇತ ಸಿಕ್ಕಿತು, ಇನ್ನು ಅದಕ್ಕೆ ಬಗೆಬಗೆಯ ಫಾಂಟ್‌ಗಳಾಗಬೇಕು. ಆ ಕೆಲಸ ಮುಂದಿನ ತಲೆಮಾರಿನದು.

ಕೆಲಸಕ್ಕೆ ಬೇಡಿಕೆ ಹುಟ್ಟುವುದು ಕಾನೂನಿನಿಂದಲೂ ಹೌದು. ಕತಾರ್ 2019ರಲ್ಲಿ ಅರೇಬಿಕ್ ಭಾಷಾ ಸಂರಕ್ಷಣೆಗೆ ಕಾನೂನು ತಂದಿತು. ಕರ್ನಾಟಕ 2024ರಲ್ಲಿ ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಕಡ್ಡಾಯ ಮಾಡಿತು. ಎರಡು ಲಿಪಿಗಳನ್ನು ಒಟ್ಟಿಗೆ ನಿಭಾಯಿಸಬಲ್ಲವರಿಗೆ ಎರಡೂ ಕಡೆ ಜಾಗವಿದೆ.

ಇನ್ನು ಹಣದ ಮಾತು

ಕತಾರಿ ರಿಯಾಲ್ 2001ರಿಂದ ಡಾಲರಿಗೆ 3.64ರ ದರದಲ್ಲಿ ನಿಂತಿದೆ. ಸಂಬಳ ರಿಯಾಲ್, ಶುಲ್ಕವೂ ರಿಯಾಲ್ ಆದರೆ ವಿನಿಮಯದ ಏರಿಳಿತದ ಭಯವಿಲ್ಲ. ಮಗು ಮನೆಯಲ್ಲೇ ಇದ್ದು ಓದುವುದರಿಂದ ಹಾಸ್ಟೆಲ್ ಖರ್ಚೂ ಉಳಿಯುತ್ತದೆ. ಆದರೆ ಅಮೆರಿಕದ ವಿಶ್ವವಿದ್ಯಾಲಯದ ಶುಲ್ಕ ಮಧ್ಯಮ ಸಂಬಳದ ಕುಟುಂಬಕ್ಕೆ ಭಾರವೇ. ಹಣಕಾಸು ನೆರವಿನ ವ್ಯವಸ್ಥೆ ಇದೆ. ನೆರವು ಎಂದರೆ ದಾನವೋ ಸಾಲವೋ, ಸಾಲವಾದರೆ ಪದವಿಯ ನಂತರ ಯಾವ ಷರತ್ತಿನಲ್ಲಿ ತೀರಿಸಬೇಕು ಎಂಬುದನ್ನು ಸಹಿ ಹಾಕುವ ಮೊದಲೇ ಓದಬೇಕು.

ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಓದು ನಾಲ್ಕು ವರ್ಷದ್ದು, ನಮ್ಮ ನೌಕರಿಯ ಕರಾರು ಎಷ್ಟು ವರ್ಷದ್ದು? ನಡುವೆ ಕೆಲಸ ಹೋದರೆ ಮಗುವಿನ ವೀಸಾ ಯಾರ ಹೆಸರಿಗೆ ಹೋಗುತ್ತದೆ? ಇದನ್ನು ಪ್ರವೇಶ ವಿಭಾಗದಲ್ಲಿ ಕೇಳಿ, ಬರಹದಲ್ಲಿ ಉತ್ತರ ಪಡೆಯಿರಿ. ಸಂಸ್ಥೆಗಳೂ ಶಾಶ್ವತವಲ್ಲ. ಎಜುಕೇಶನ್ ಸಿಟಿಯಲ್ಲೇ ಇರುವ ಟೆಕ್ಸಾಸ್ ಎ ಅಂಡ್ ಎಂ ಕ್ಯಾಂಪಸ್ ಅನ್ನು 2028ರೊಳಗೆ ಮುಚ್ಚಲು ಅದರ ಆಡಳಿತ ಮಂಡಳಿ 2024ರ ಫೆಬ್ರವರಿಯಲ್ಲಿ ತೀರ್ಮಾನಿಸಿತು. ಕನಿಷ್ಠ ಎರಡು ವರ್ಷದ ಶುಲ್ಕ ಕೈಯಲ್ಲಿಟ್ಟುಕೊಂಡು, ಊರಿನಲ್ಲಿ ಪರ್ಯಾಯ ನೋಡಿಟ್ಟುಕೊಂಡು ಹೆಜ್ಜೆ ಇಡುವುದು ಕ್ಷೇಮ.

ಪರ್ಯಾಯಗಳು ಇವೆ. ಅಹಮದಾಬಾದಿನ ಎನ್‌ಐಡಿ 1961ರಿಂದ ವಿನ್ಯಾಸ ಕಲಿಸುತ್ತಿದೆ. ಐಐಟಿ ಬಾಂಬೆಯ ಐಡಿಸಿಗೆ ಯುಸೀಡ್ ಪರೀಕ್ಷೆ ಮೂಲಕ ಪ್ರವೇಶ. ಮೈಕ್ರೋಸಾಫ್ಟ್ ವಿಂಡೋಸ್‌ನಲ್ಲಿ ಬರುವ ಕನ್ನಡದ 'ತುಂಗಾ' ಫಾಂಟ್ ರೂಪಿಸಿದ ಆರ್.ಕೆ. ಜೋಶಿ ಅಲ್ಲೇ ಅಧ್ಯಾಪಕರಾಗಿದ್ದರು. ಬೆಂಗಳೂರಿನಲ್ಲಿ ಸೃಷ್ಟಿ ಮಣಿಪಾಲ್, ಚಿತ್ರಕಲಾ ಪರಿಷತ್ತು, ಮೈಸೂರಿನಲ್ಲಿ ಕಾವಾ ಇವೆ. ರೂಪಾಯಿಯಲ್ಲಿ ಶುಲ್ಕ ಕಟ್ಟುವಾಗ ರಿಯಾಲ್ ಸಂಬಳದವರಿಗೆ ಅನುಕೂಲವೇ. ಆದರೆ ಅನಿವಾಸಿ ಕೋಟಾದ ಶುಲ್ಕ ಬೇರೆ ಇರಬಹುದು, ವಿಚಾರಿಸಿ. ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಮಾಡಿದರೆ, ಭಾರತದಲ್ಲಿ ಬಾಡಿಗೆಯಂಥ ತೆರಿಗೆಗೆ ಒಳಪಡುವ ಆದಾಯವಿದ್ದು ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಬಡ್ಡಿಯ ಮೇಲೆ ಎಂಟು ವರ್ಷದವರೆಗೆ ವಿನಾಯಿತಿ ಸಿಗುತ್ತದೆ.

ಅಂಕಪಟ್ಟಿಯೊಂದೇ ಸಾಲದು

ವಿನ್ಯಾಸ ಶಾಲೆಗಳು ಅಂಕದ ಜೊತೆಗೆ ಮಗುವಿನ ಕೈಕೆಲಸವನ್ನೂ ನೋಡುತ್ತವೆ. ವಿಸಿಯು ಆರ್ಟ್ಸ್‌ಗೆ ಪೋರ್ಟ್‌ಫೋಲಿಯೊ ಬೇಕು. ಅದನ್ನು ಕೊನೆಯ ತಿಂಗಳಲ್ಲಿ ಮಾಡಲಾಗದು, ಹನ್ನೊಂದನೇ ತರಗತಿಯಿಂದಲೇ ಶುರು ಮಾಡಬೇಕು. ಇಲ್ಲಿ ಹುಟ್ಟಿ ಬೆಳೆದ ಎಷ್ಟೋ ಮಕ್ಕಳು ಕನ್ನಡ ಮಾತಾಡುತ್ತಾರೆ, ಬರೆಯಲು ತಡವರಿಸುತ್ತಾರೆ. ಅಕ್ಷರ ವಿನ್ಯಾಸದ ಆಸೆ ಇರುವ ಮಗುವಿಗೆ ವರ್ಣಮಾಲೆ ಕಲಿಯಲು ಇದಕ್ಕಿಂತ ಒಳ್ಳೆಯ ಕಾರಣ ಸಿಗದು. ಅರೇಬಿಕ್ ಮತ್ತು ಕನ್ನಡ ಎರಡನ್ನೂ ಬಲ್ಲ ವಿನ್ಯಾಸಕರು ಅಪರೂಪ, ಅದೇ ಅವರ ಬಂಡವಾಳ.

ಊರಿನಲ್ಲಿರುವ ಮನೆಯವರೂ ಇದಕ್ಕೆ ನೆರವಾಗಬಹುದು. ಅಟ್ಟದಲ್ಲಿರುವ ಹಳೆಯ ಲಗ್ನಪತ್ರಿಕೆ, ಪಂಚಾಂಗ, ಯಕ್ಷಗಾನ ಪ್ರಸಂಗದ ಪುಸ್ತಕ, ಪೇಟೆಯಲ್ಲಿ ಕೈಯಲ್ಲಿ ಬರೆದ ಅಂಗಡಿ ಬೋರ್ಡು ಇವುಗಳ ಫೋಟೊ ತೆಗೆದು ಕಳಿಸಿ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದವರು ಯಾರಾದರೂ ಊರಲ್ಲಿದ್ದರೆ, ರಜೆಗೆ ಬಂದ ಮೊಮ್ಮಗಳನ್ನು ಅವರ ಬಳಿ ಒಂದು ದಿನ ಕರೆದುಕೊಂಡು ಹೋಗಿ. ಆಕೆಯ ಪೋರ್ಟ್‌ಫೋಲಿಯೊದ ಮೊದಲ ಪುಟ ಅಲ್ಲೇ ಸಿಗಬಹುದು.