ಮಳೆಗೆ ಮೊದಲೇ ಔಷಧಿ: ಡಾ. ಅಲೆಂಡೆಯವರ ಆರೋಗ್ಯ ವಿಚಾರ

ಅಡಿಕೆಯ ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲೇ ಬೋರ್ಡೊ ದ್ರಾವಣ ಹೊಡೆಸಬೇಕೆಂದು ನಮ್ಮ ಸದಸ್ಯ ಬಾಂಧವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಯಿ ಉದುರತೊಡಗಿದ ಮೇಲೆ ಮೈಲುತುತ್ತು, ಸುಣ್ಣ ಹುಡುಕಹೊರಟರೆ ಫಸಲಿನ ಒಂದು ಪಾಲು ಆಗಲೇ ನೆಲ ಸೇರಿರುತ್ತದೆ. ಮನೆಯವರ ಆರೋಗ್ಯದ ವಿಷಯದಲ್ಲಿ ಮಾತ್ರ ನಾವು ಈ ಎಚ್ಚರ ತೋರುವುದಿಲ್ಲ. ಗೊಬ್ಬರಕ್ಕೆಂದು ಪಡೆದ ಸಾಲ ಆಸ್ಪತ್ರೆಗೆ ಹೋದುದನ್ನು ಸಂಘದ ಕಚೇರಿಯಲ್ಲಿ ಕುಳಿತು ನಾವು ಎಷ್ಟೋ ಸಲ ಕಂಡಿದ್ದೇವೆ. ಇದೇ ಪ್ರಶ್ನೆಯನ್ನು ಒಂದು ದೇಶದ ಮಟ್ಟದಲ್ಲಿ ಎತ್ತಿದ ವೈದ್ಯರೊಬ್ಬರ ವಿಚಾರ ತಿಳಿಯತಕ್ಕದ್ದಾಗಿದೆ.

ಅವರು ದಕ್ಷಿಣ ಅಮೆರಿಕದ ಚಿಲಿ ದೇಶದ ಸಾಲ್ವಡಾರ್ ಅಲೆಂಡೆ (1908–1973). ವೈದ್ಯ ಪದವಿ ಪಡೆದು ಮೊದಲಿಗೆ ಶವಪರೀಕ್ಷೆಯ ಕೆಲಸ ಮಾಡಿದರು. 1937ರಲ್ಲಿ ಸಂಸತ್ತಿಗೆ ಆಯ್ಕೆಯಾಗಿ, 1939ರಲ್ಲಿ ಆರೋಗ್ಯ ಮಂತ್ರಿಯಾದರು. ಆಗಿನ ಚಿಲಿಯಲ್ಲಿ ಹುಟ್ಟಿದ ಸಾವಿರ ಶಿಶುಗಳ ಪೈಕಿ 200ಕ್ಕೂ ಹೆಚ್ಚು ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು.

ಅದೇ ವರ್ಷ ಅವರು ಚಿಲಿಯ ವೈದ್ಯಕೀಯ ಮತ್ತು ಸಾಮಾಜಿಕ ವಾಸ್ತವವನ್ನು ಕುರಿತು ಗ್ರಂಥವೊಂದನ್ನು ಹೊರತಂದರು. ಅದರ ಸಾರವಿಷ್ಟೆ: ಕ್ಷಯ, ಬಾಣಂತಿಯರ ಸಾವು, ಶಿಶುಮರಣ ಇವುಗಳ ಬೇರು ಕಡಿಮೆ ಕೂಲಿಯಲ್ಲಿದೆ, ಅರೆಹೊಟ್ಟೆಯಲ್ಲಿದೆ, ಗಾಳಿ ಬೆಳಕಿಲ್ಲದ ಮನೆಯಲ್ಲಿದೆ. ಬೇರನ್ನು ಬಿಟ್ಟು ಆಸ್ಪತ್ರೆಗಳನ್ನಷ್ಟೇ ಹೆಚ್ಚಿಸಿದರೆ ಗುಣವಾದ ರೋಗಿ ಮತ್ತೆ ಅದೇ ಮನೆಗೆ, ಅದೇ ರೋಗಕ್ಕೆ ಮರಳುತ್ತಾನೆ. ಔಷಧಿಗಳ ದುಬಾರಿ ಬೆಲೆಯನ್ನೂ ಅವರು ಟೀಕಿಸಿದರು.

ಎರಡನೆಯ ಮಾತು ವಿಮೆಯದು. ಚಿಲಿಯಲ್ಲಿ 1924ರಿಂದಲೇ ಕಾರ್ಮಿಕರಿಗೆ ಕಡ್ಡಾಯ ವಿಮೆಯಿತ್ತು. ಆದರೆ ದುಡಿಯುವವನಿಗೆ ಸಿಕ್ಕ ರಕ್ಷಣೆ ಅವನ ಹೆಂಡತಿ ಮಕ್ಕಳಿಗೆ ಪೂರ್ತಿಯಾಗಿ ಸಿಗುತ್ತಿರಲಿಲ್ಲ. ಕುಟುಂಬವನ್ನೇ ಘಟಕವೆಂದು ಎಣಿಸಬೇಕೆಂಬ ವಾದ ಬಲಗೊಂಡಿತು. 1952ರಲ್ಲಿ ವಿಮೆಯ ಚಿಕಿತ್ಸಾ ವಿಭಾಗ, ಧರ್ಮಾಸ್ಪತ್ರೆಗಳು, ಸರ್ಕಾರದ ಆರೋಗ್ಯ ಇಲಾಖೆ ಒಂದುಗೂಡಿ ರಾಷ್ಟ್ರೀಯ ಆರೋಗ್ಯ ಸೇವೆ ಸ್ಥಾಪನೆಯಾಯಿತು. ಆ ಶಾಸನಕ್ಕಾಗಿ ದುಡಿದವರಲ್ಲಿ ಆಗ ಸೆನೆಟ್ ಸದಸ್ಯರಾಗಿದ್ದ ಅಲೆಂಡೆಯವರು ಪ್ರಮುಖರು.

1970ರಲ್ಲಿ ರಾಷ್ಟ್ರಾಧ್ಯಕ್ಷರಾದ ಮೇಲೆ ಪ್ರತಿ ಮಗುವಿಗೂ ದಿನಕ್ಕೆ ಅರ್ಧ ಲೀಟರು ಹಾಲು ಕೊಡುವ ಯೋಜನೆಯನ್ನು ಅವರು ಕೈಗೊಂಡರು. ವೈದ್ಯರಾಗಿ ಬರೆದದ್ದನ್ನೇ ಅಧ್ಯಕ್ಷರಾಗಿ ಮಾಡಿದರೆನ್ನಬಹುದು. ಅವರ ಆರ್ಥಿಕ ನೀತಿಗೆ ತೀವ್ರ ವಿರೋಧವಿತ್ತು. ಹಣದುಬ್ಬರ, ಸಾಮಾನುಗಳ ಅಭಾವ ಜನರನ್ನು ಕಾಡಿದವು. ವೈದ್ಯರಲ್ಲೂ ಅನೇಕರು ಎದುರು ನಿಂತರು. 1973ರ ಸೆಪ್ಟೆಂಬರ್ 11ರಂದು ಸೇನೆ ಅಧಿಕಾರ ಕಸಿದುಕೊಂಡಿತು. ಅಲೆಂಡೆಯವರು ಅಂದೇ ಮೃತರಾದರು. ಸೇನಾಡಳಿತದಲ್ಲಿ ಆ ಆರೋಗ್ಯ ಸೇವೆಯನ್ನು ಹಂಚಿಹಾಕಿ, 1981ರಲ್ಲಿ ಖಾಸಗಿ ವಿಮಾ ಸಂಸ್ಥೆಗಳಿಗೆ ದಾರಿ ಮಾಡಲಾಯಿತು.

ಸಾವಿರಕ್ಕೆ 200ನ್ನು ಮೀರಿದ್ದ ಶಿಶುಮರಣ 1970ರ ವೇಳೆಗೆ ಸುಮಾರು 80ಕ್ಕೆ ಇಳಿದಿತ್ತು. ಇದು ಒಬ್ಬರ ಸಾಧನೆಯಲ್ಲ, ಒಂದೇ ಕಾರಣದಿಂದ ಆದದ್ದೂ ಅಲ್ಲ. ಆದರೂ ಹಾಲು, ಬಾಣಂತಿಯ ಆರೈಕೆ, ಶುದ್ಧ ನೀರು ಇವೆಲ್ಲ ಚಿಕಿತ್ಸೆಯ ಭಾಗವೇ ಎಂದು ತಿಳಿದ ದೇಶಕ್ಕೆ ಅದರ ಫಲ ದಕ್ಕಿತು.

ಅವರ ರಾಜಕೀಯವನ್ನು ಒಪ್ಪುವುದು, ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಯಾವ ಆರೋಗ್ಯ ಯೋಜನೆಯ ಅರ್ಜಿಗೇ ಆಗಲಿ ಸಹಿ ಹಾಕುವ ಮೊದಲು ಸದಸ್ಯರು ಎರಡು ಪ್ರಶ್ನೆ ಕೇಳಬೇಕೆಂದು ನಮ್ಮ ವಿನಂತಿ. ಇದು ಯಜಮಾನನಿಗೆ ಮಾತ್ರವೇ, ಮನೆಮಂದಿಗೆಲ್ಲವೇ? ಕಾಯಿ ಉದುರಿದ ಮೇಲಿನ ಔಷಧಿಯೇ, ಮಳೆಗೆ ಮೊದಲಿನದೇ?