ಶಕುನದ ಕಾರ್ಡು, ಕಥೆಯ ಆಟ: ತರಗತಿಗೆ ಒಂದು ಕಟ್ಟು ಮಾಡಿಕೊಳ್ಳುವ ಬಗೆ

ಜಾತ್ರೆಯಲ್ಲಿ ಗಿಳಿಶಾಸ್ತ್ರ ಹೇಳುವವರನ್ನು ನಾವೆಲ್ಲ ನೋಡಿದ್ದೇವೆ. ಗಿಳಿ ಪಂಜರದಿಂದ ಹೊರಗೆ ಬಂದು, ಸಾಲಾಗಿ ಜೋಡಿಸಿದ ಕಾರ್ಡುಗಳಲ್ಲಿ ಒಂದನ್ನು ಕೊಕ್ಕಿನಿಂದ ಎಳೆದು, ಕಾಳು ತಿಂದು ಒಳಗೆ ಹೋಗುತ್ತದೆ. ಕಾರ್ಡಿನ ಮೇಲೆ ಇರುವುದು ಒಂದು ದೇವರ ಚಿತ್ರ, ಅಷ್ಟೆ. ಮುಂದಿನದೆಲ್ಲ ಎದುರು ಕುಳಿತವರ ಮುಖ ನೋಡಿ ಕಟ್ಟುವ ಕಥೆ. ಅದೇ ಚಿತ್ರ ಕನ್ಯೆ ಸಿಗದ ಹುಡುಗನಿಗೆ ಒಂದು ಮಾತು ಹೇಳಿದರೆ, ಸಾಲ ಮಾಡಿದ ರೈತನಿಗೆ ಇನ್ನೊಂದು ಹೇಳುತ್ತದೆ.

ನಮಗೆ ಬೇಕಾದದ್ದು ಭವಿಷ್ಯವಲ್ಲ, ಚಿತ್ರಕ್ಕೂ ಸನ್ನಿವೇಶಕ್ಕೂ ಗಂಟು ಹಾಕುವ ಆ ಕೌಶಲ. ಮಾತಾಡದ ಮಗುವಿನಿಂದಲೂ ಮಾತು ಹೊರಡಿಸುವ ಶಕ್ತಿ ಅದಕ್ಕಿದೆ.

ಪಾತ್ರಾಭಿನಯ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಹೊಸದಲ್ಲ. ಎದ್ದು ನಿಂತು ನಟಿಸುವ ಬದಲು ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕಥೆ ನಡೆಸುವ ಆಟ 1974ರಲ್ಲಿ ಅಮೆರಿಕದಲ್ಲಿ ಅಚ್ಚಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ನಿಂದ ಪ್ರಸಿದ್ಧವಾಯಿತು. ಅಲ್ಲಿ ಗೆದ್ದೆವೋ ಸೋತೆವೋ ಎಂಬುದನ್ನು ದಾಳ ಹೇಳುತ್ತದೆ. 1995ರಲ್ಲಿ ಜೊನಾಥನ್ ಟ್ವೀಟ್ ರೂಪಿಸಿದ ‘ಎವರ್‌ವೇ’ ದಾಳವನ್ನು ಬಿಟ್ಟು 36 ಕಾರ್ಡುಗಳ ಒಂದು ಕಟ್ಟನ್ನು ಇಟ್ಟಿತು. ಪ್ರತಿ ಕಾರ್ಡಿಗೂ ನೆಟ್ಟಗೆ ಬಂದರೆ ಒಂದು ಅರ್ಥ, ತಲೆಕೆಳಗಾಗಿ ಬಂದರೆ ಇನ್ನೊಂದು. ದಾಳದಲ್ಲಿ ಐದು ಬಿದ್ದರೆ ಅದು ಐದೇ. ಚಿತ್ರ ಬಂದರೆ ಆಡುವವರು ಅದನ್ನು ಓದಿ ಅರ್ಥ ಹೇಳಬೇಕು. 2019ರಲ್ಲಿ ಬಂದ ಅಲೆಕ್ಸ್ ರಾಬರ್ಟ್ಸ್ ಅವರ ‘ಫಾರ್ ದ ಕ್ವೀನ್’ ಇನ್ನೂ ಸರಳ: ಕಾರ್ಡಿನ ಮೇಲೆ ಪ್ರಶ್ನೆ ಇದೆ, ಎಳೆದವರು ಉತ್ತರಿಸಬೇಕು, ಉತ್ತರವೇ ಕಥೆ.

ಟ್ಯಾರೋ ಕಟ್ಟನ್ನೇ ತಂದರೆ ಆಗದೆ ಎಂದು ಕೇಳುವವರಿದ್ದಾರೆ. ಅದರ 78 ಕಾರ್ಡುಗಳಿಗೆ ಯುರೋಪಿನ ರಾಜ, ಪಾದ್ರಿ, ಸನ್ಯಾಸಿಯರ ಹೊರೆ ಇದೆ. ಅರ್ಥಗಳ ಪುಸ್ತಕಗಳೂ ಇವೆ. ಮಗು ಚಿತ್ರ ನೋಡುವುದನ್ನು ಬಿಟ್ಟು ಸರಿ ಉತ್ತರ ಹುಡುಕಲು ಹೊರಡುತ್ತದೆ. ನಮ್ಮ ಸುತ್ತ ಬೇಕಾದಷ್ಟು ಸಾಮಗ್ರಿ ಇದೆ. ಪಕ್ಕದ ಧಾರವಾಡ ತಾಲೂಕಿನ ಹನುಮನಕೊಪ್ಪದಲ್ಲಿ ಯುಗಾದಿ ಅಮಾವಾಸ್ಯೆಯಂದು ಹಳ್ಳದ ದಂಡೆಯ ಮೇಲೆ ಮಣ್ಣಿನ ಗೊಂಬೆ, ಕಾಳುಕಡಿ ಇಟ್ಟು, ಪಾಡ್ಯದ ಬೆಳಿಗ್ಗೆ ಯಾವುದು ಹೇಗಾಗಿದೆ ಎಂದು ನೋಡಿ ಮಳೆ, ಬೆಳೆ, ರಾಜಕೀಯ ಹೇಳುತ್ತಾರೆ. ನಂಬುವುದು ಬಿಡುವುದು ಬೇರೆ ಮಾತು. ಒಂದು ಸಣ್ಣ ಅಂಗಳದಲ್ಲಿ ಇಡೀ ನಾಡನ್ನು ಇಟ್ಟು ಓದುವ ಅಭ್ಯಾಸ ಈ ಮಣ್ಣಿನಲ್ಲಿ ಇದೆ ಎಂಬುದಂತೂ ನಿಜ.

ಇನ್ನು ನನ್ನ ತಪ್ಪಿನ ಮಾತು. ಮೊದಲ ಸಲ ನಾನು ಮಾಡಿದ ಕಟ್ಟಿನಲ್ಲಿ ಚಿತ್ರದ ಕೆಳಗೆ ಒಂದೊಂದು ವಾಕ್ಯ ಬರೆದಿದ್ದೆ. ಅಭ್ಯಾಸ ಬೋಧನೆಯ ಪಾಠದಲ್ಲಿ ಆರನೆಯ ತರಗತಿಯ ಹುಡುಗಿಯೊಬ್ಬಳು ‘ಬತ್ತಿದ ಬಾವಿ’ ಎಳೆದಳು. ಕೆಳಗೆ ‘ನೀನು ಹುಡುಕಿದಲ್ಲಿ ನೀರು ಸಿಗದು’ ಎಂದಿತ್ತು. ಗುಂಪು ನಕ್ಕಿತು, ಆಕೆ ನಗಲಿಲ್ಲ. ಬಿಡುವಿನಲ್ಲಿ ನನ್ನ ಹತ್ತಿರ ಬಂದು, “ಸರ, ನಾಳೆ ನಮ್ಮ ಹೊಲದಾಗ ಬೋರ್ ಹಾಕಸ್ತಾರ್ರಿ. ನೀರ ಬೀಳೂದಿಲ್ಲೇನ್ರಿ?” ಎಂದಳು. ಅದು ಬರೀ ಆಟವೆಂದು ನಾನು ಹೇಳಿದ್ದು ಅವಳಿಗೆ ಸಾಲಲಿಲ್ಲ. ಬೋರಿಗೆ ನೀರೇನೋ ಬಿತ್ತು; ಅದರಿಂದ ನನ್ನ ತಪ್ಪು ಒಪ್ಪಾಗುವುದಿಲ್ಲ. ‘ನೀನು’ ಎಂದು ಕರೆದು, ಮುಂದಾಗುವುದನ್ನು ಹೇಳಿ, ಮಾಸ್ತರರ ಕೈಯಿಂದ ಕೊಟ್ಟ ಕಾರ್ಡು ಮಗುವಿನ ಪಾಲಿಗೆ ಶಾಸ್ತ್ರವೇ.

ಆದ್ದರಿಂದ ಕಟ್ಟನ್ನು ತಿದ್ದಿದೆ. ಈಗ ಕಾರ್ಡಿನ ಮೇಲೆ ಚಿತ್ರ ಮತ್ತು ಹೆಸರು ಮಾತ್ರ: ತುಂಬಿದ ಹೊಳೆ, ಮುಚ್ಚಿದ ಬಾಗಿಲು, ಕಳೆದ ಕುರಿ, ಇರುವೆ ಸಾಲು, ಮುರಿದ ಗಾಲಿ, ಬತ್ತಿದ ಬಾವಿ. ಒಟ್ಟು 24. ಎರಡು ಕಡೆ ಎಳೆಯಬಲ್ಲ ಚಿತ್ರಗಳನ್ನೇ ಆರಿಸಬೇಕು. ಮುಚ್ಚಿದ ಬಾಗಿಲು ಹೊರಗಿನವನಿಗೆ ತಡೆ, ಒಳಗಿನವನಿಗೆ ರಕ್ಷಣೆ. ‘ಗೆಲುವು’, ‘ಸಾವು’ ಎಂಬಂಥವು ಒಂದೇ ಕಡೆ ಎಳೆಯುತ್ತವೆ, ಅವನ್ನು ತೆಗೆದುಹಾಕಿದೆ. ಆಟಕ್ಕೆ ಮೊದಲು ಪ್ರತಿ ಮಗು ತನ್ನದಲ್ಲದ ಒಂದು ಹೆಸರು, ಒಂದು ಕಸುಬು ಹೇಳಿಕೊಳ್ಳಬೇಕು. ಕಾರ್ಡು ಬಂದಾಗ ಶಿಕ್ಷಕರು ಕೇಳುವುದು ‘ಏನಾಗುತ್ತದೆ?’ ಎಂದಲ್ಲ, ‘ಬಂಡಿ ಹೊಡೆಯುವವ ಈಗ ಏನು ಮಾಡಿದ?’ ಎಂದು. ಬೇಡವಾದ ಕಾರ್ಡನ್ನು ಕಾರಣ ಹೇಳದೆ ಮಗುಚಿ ಇಡುವ ಹಕ್ಕು ಎಲ್ಲರಿಗೂ ಇದೆ. ಈ ಕೊನೆಯ ನಿಯಮ ನನಗೆ ಬಹಳ ಮುಖ್ಯ.

ಏಳನೆಯ ತರಗತಿಗೆ ನಾವು ಕಟ್ಟಿದ ಆಟ 1824ರ ಕಿತ್ತೂರಿನದು. ಅಕ್ಟೋಬರ್ 23ರಂದು ಥ್ಯಾಕರೆ ಬಿದ್ದದ್ದು, ಡಿಸೆಂಬರಿನಲ್ಲಿ ಕೋಟೆ ಬ್ರಿಟಿಷರ ವಶವಾದದ್ದು, ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆ ಇಟ್ಟದ್ದು, ಇವನ್ನು ಕರಿಹಲಗೆಯ ಮೇಲೆ ಬರೆದು ಸುತ್ತ ಗೆರೆ ಹಾಕುತ್ತೇವೆ. ಗೆರೆಯೊಳಗಿನದನ್ನು ಕಾರ್ಡು ಮುಟ್ಟುವಂತಿಲ್ಲ. ಮಕ್ಕಳು ರಾಣಿಯಾಗಲಿ ರಾಯಣ್ಣನಾಗಲಿ ಆಗುವುದಿಲ್ಲ (ಎಲ್ಲರೂ ರಾಯಣ್ಣನೇ ಆಗಬೇಕೆನ್ನುತ್ತಾರೆ, ಗಟ್ಟಿಯಾಗಿ ನಿಲ್ಲಬೇಕು). ಅವರು ಕುಂಬಾರ, ಕೋಟೆಯ ಕಾವಲುಗಾರ, ಸಂತೆಗೆ ಬಂದ ಹೆಂಗಸು, ಬಂಡಿ ಹೊಡೆಯುವವ. ಡಿಸೆಂಬರಿನ ಒಂದು ರಾತ್ರಿ ಆ ಕಾವಲುಗಾರನಿಗೆ ‘ಮುಚ್ಚಿದ ಬಾಗಿಲು’ ಬಂತು. ಹುಡುಗ ಬಹಳ ಹೊತ್ತು ಸುಮ್ಮನಿದ್ದು, “ಒಳಗ ಕಾಳು ಎಷ್ಟ ದಿನಕ್ಕ ಸಾಲತೈತಿ?” ಎಂದು ಕೇಳಿದ. ಪಾಠ ಪುಸ್ತಕದಲ್ಲಿ ಇಲ್ಲದ, ಆದರೆ ಮುತ್ತಿಗೆಯ ಪಾಠಕ್ಕೆ ಬೇಕೇ ಬೇಕಾದ ಪ್ರಶ್ನೆ ಅದು.

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ನಲಿ-ಕಲಿಯಿಂದ ನಮಗೆ ಕಾರ್ಡು ಹೊಸದಲ್ಲ. ಅಲ್ಲಿ ಕಲಿಕಾ ಏಣಿಯ ಮೇಲೆ ಪ್ರತಿ ಕಾರ್ಡಿಗೂ ನೆಲೆ ಇದೆ, ಮೊದಲೇ ಗೊತ್ತಾದ ಚಟುವಟಿಕೆ ಇದೆ. ಈ ಕಟ್ಟಿಗೆ ಏಣಿ ಇಲ್ಲ. ಪಾಠ ಯೋಜನೆಯಲ್ಲಿ ‘ನಿರೀಕ್ಷಿತ ಉತ್ತರ’ದ ಅಂಕಣ ತುಂಬಲು ಪ್ರಶಿಕ್ಷಣಾರ್ಥಿಗಳು ಪರದಾಡುತ್ತಾರೆ. ಅಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಬರೆಯಿರಿ ಎಂದು ನಾನು ಹೇಳುತ್ತೇನೆ. ಒಪ್ಪದ ವೀಕ್ಷಕರೂ ಇದ್ದಾರೆ.

ಇದು ಮೂಢನಂಬಿಕೆಗೆ ನೀರೆರೆದಂತಲ್ಲವೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ವೈಜ್ಞಾನಿಕ ಮನೋಭಾವ ಬೆಳೆಸುವುದು ಸಂವಿಧಾನದ 51ಎ ವಿಧಿ ಹೇಳುವ ಮೂಲಭೂತ ಕರ್ತವ್ಯ. ಅದಕ್ಕೆ ಕೊನೆಯ ಹತ್ತು ನಿಮಿಷ ಮೀಸಲಿಡಿ. ಒಂದೇ ಕಾರ್ಡು ಬಂದ ಎರಡು ಗುಂಪುಗಳನ್ನು ಎದ್ದು ನಿಲ್ಲಿಸಿ ಅವರವರ ಕಥೆ ಹೇಳಿಸಿ. ‘ತುಂಬಿದ ಹೊಳೆ’ ಒಂದು ಗುಂಪಿನಲ್ಲಿ ಬಂಡಿಯನ್ನು ಮುಳುಗಿಸಿದೆ, ಇನ್ನೊಂದರಲ್ಲಿ ಬೆನ್ನು ಹತ್ತಿದ ಸಿಪಾಯಿಗಳನ್ನು ತಡೆದಿದೆ. ಹಾಗಾದರೆ ಕಾರ್ಡಿಗೆ ಏನು ಗೊತ್ತಿತ್ತು ಎಂದು ಕೇಳಿ. ನಮ್ಮಲ್ಲಿ ಹುಡುಗನೊಬ್ಬ ಕೂತಲ್ಲಿಂದಲೇ, “ಹಂಗಾದ್ರ ಜಾತ್ರ್ಯಾಗಿನ ಗಿಳಿಗೂ ಏನೂ ಗೊತ್ತಿರೂದಿಲ್ಲ” ಎಂದ.

ಕಟ್ಟು ಮಾಡಲು ಖರ್ಚಿಲ್ಲ. ಹಳೆಯ ಲಗ್ನಪತ್ರಿಕೆಗಳನ್ನು ಒಂದೇ ಅಳತೆಗೆ ಕತ್ತರಿಸಿದರೆ ಸಾಕು, ಚಿತ್ರ ಮಕ್ಕಳೇ ಬರೆಯಲಿ. ಹಿಂಬದಿಗೆ ಮಾತ್ರ ಎಲ್ಲಕ್ಕೂ ಒಂದೇ ಬಣ್ಣದ ಕಾಗದ ಅಂಟಿಸಿ. ಇಲ್ಲದಿದ್ದರೆ ಯಾರ ಲಗ್ನಪತ್ರಿಕೆಯ ಹಿಂದೆ ಕಳೆದ ಕುರಿ ಇದೆ ಎಂಬುದನ್ನು ಮೂರನೆಯ ದಿನಕ್ಕೆ ಇಡೀ ತರಗತಿ ಗುರುತು ಹಿಡಿದಿರುತ್ತದೆ.