ಹಳೆಯ ಬ್ಯಾಂಡ್ ಸಾ ಕೊಳ್ಳುವ ಮುನ್ನ

ಚನ್ನಪಟ್ಟಣದ ಬೊಂಬೆಗಳು ಎಲ್ಲರಿಗೂ ಗೊತ್ತು. ಆಲೆ ಮರದ ತುಂಡನ್ನು ಲೇತಿನಲ್ಲಿ ತಿರುಗಿಸುತ್ತ ಉಳಿಯಿಂದ ಕಡೆಯುತ್ತಾರೆ. ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆದರೆ ಲೇತಿಗೆ ಬರುವ ಮುಂಚೆ ಮರ ಹೇಗೆ ಸಿದ್ಧವಾಗುತ್ತದೆ ಎಂದು ಕೇಳುವವರು ಕಡಿಮೆ. ನಮ್ಮ ಮನೆಯವರು ಇದೇ ಕಸುಬಿನವರು. ಈ ವರ್ಷ ಅಬ್ಬ ಒಂದು ಹಳೆಯ ಬ್ಯಾಂಡ್ ಸಾ ಕೊಂಡರು. ಅದಕ್ಕೆಂದು ಕೂಡಿಟ್ಟ ಹಣದಲ್ಲಿ ನನ್ನ ಮುಂದಿನ ವರ್ಷದ ಫೀಸೂ ಸೇರಿತ್ತು. ಹಾಗಾಗಿ ಯಂತ್ರ ನೋಡಲು ಹೋದಾಗಲೆಲ್ಲ ನಾನೂ ಕಣ್ಣು ಬಿಟ್ಟುಕೊಂಡೇ ಹೋಗುತ್ತಿದ್ದೆ. ಅಲ್ಲಿ ತಿಳಿದದ್ದನ್ನು ಸ್ನೇಹಿತರಿಗೆ ಹೇಳುತ್ತೇನೆ.

ಇದು ಯಾಕೆ ಬೇಕು?

ಬಟ್ಟಲು, ತಟ್ಟೆಯಂಥ ಅಗಲದ ವಸ್ತು ಮಾಡಲು ಚೌಕದ ತುಂಡನ್ನು ಹಾಗೆಯೇ ಲೇತಿಗೆ ಹಾಕಿದರೆ ನಾಲ್ಕು ಮೂಲೆಗಳೂ ಉಳಿಗೆ ಬಡಿಯುತ್ತವೆ, ಲೇತ್ ಅದುರುತ್ತದೆ. ಮೊದಲೇ ಮರವನ್ನು ಗುಂಡಗೆ ಕೊಯ್ದುಕೊಳ್ಳಬೇಕು. ಸರ್ಕ್ಯುಲರ್ ಸಾ ಇರುವುದು ನೇರ ಕೊಯ್ತಕ್ಕೆ. ಬ್ಯಾಂಡ್ ಸಾದಲ್ಲಿ ಮೇಲೊಂದು, ಕೆಳಗೊಂದು ಚಕ್ರ. ಅವೆರಡನ್ನೂ ಸುತ್ತುವ ತೆಳು ಗರಗಸದ ಪಟ್ಟಿ. ಪಟ್ಟಿ ಕಿರಿದಾದಷ್ಟೂ ಸಣ್ಣ ವೃತ್ತ ಕೊಯ್ಯಬಹುದು. ಅರ್ಧ ಇಂಚು ಅಗಲದ ಬ್ಲೇಡ್ ಸುಮಾರು ಎರಡೂವರೆ ಇಂಚು ತ್ರಿಜ್ಯದವರೆಗೆ ತಿರುಗುತ್ತದೆ. ಕಾಲು ಇಂಚಿನದು ಒಂದು ಇಂಚಿಗಿಂತಲೂ ಕಡಿಮೆ ತ್ರಿಜ್ಯಕ್ಕೆ ತಿರುಗುತ್ತದೆ. ದಪ್ಪ ಹಸಿಮರಕ್ಕೆ ಇಂಚಿಗೆ ಮೂರು ಹಲ್ಲಿನ ಬ್ಲೇಡ್ ಒಳ್ಳೆಯದು. ಹಲ್ಲುಗಳ ನಡುವೆ ಜಾಗವಿದ್ದರೆ ಒದ್ದೆ ಹೊಟ್ಟು ಸಿಕ್ಕಿಕೊಳ್ಳುವುದಿಲ್ಲ.

ಏನನ್ನು ನೋಡಬೇಕು?

ನಾವು ನೋಡಿದ ಎರಡು ಯಂತ್ರಗಳಲ್ಲಿ ಒಂದಕ್ಕೆ ಹೊಸದಾಗಿ ಹಸಿರು ಬಣ್ಣ ಬಳಿದಿದ್ದರು, ಬ್ಲೇಡೂ ಹೊಸದು. ಇನ್ನೊಂದು ತುಕ್ಕು ಹಿಡಿದಿತ್ತು, ಬ್ಲೇಡ್ ಮೊಂಡಾಗಿತ್ತು, ಚಕ್ರದ ರಬ್ಬರ್ ಬಿರಿದಿತ್ತು. ನನ್ನ ಮನಸ್ಸು ಹಸಿರಿನ ಕಡೆಗಿತ್ತು. ಅಬ್ಬ ಮಾತ್ರ ಅಂಗಡಿಯವರಿಗೆ ಹೇಳಿ ಕರೆಂಟ್ ತೆಗೆಸಿ, ಎರಡರ ಮುಚ್ಚಳವನ್ನೂ ತೆರೆಸಿದರು. ಬ್ಲೇಡ್ ಕಳಚಿ ಮೇಲಿನ ಚಕ್ರವನ್ನು ಕೈಯಿಂದ ತಿರುಗಿಸಿ, ಅಂಚಿನ ಹತ್ತಿರ ಸೀಮೆಸುಣ್ಣ ಹಿಡಿದರು. ಹಸಿರು ಯಂತ್ರದ ಚಕ್ರದಲ್ಲಿ ಗೆರೆ ಅರ್ಧ ಸುತ್ತಿಗೆ ಮಾತ್ರ ಬಿತ್ತು, ಅಂದರೆ ಚಕ್ರ ಓರೆಯಾಗಿದೆ. ಟಾರ್ಚ್ ಬಿಟ್ಟು ನೋಡಿದರೆ ಎರಕದ ಚೌಕಟ್ಟಿನಲ್ಲಿ ಬಿರುಕು, ಅದರ ಮೇಲೆ ವೆಲ್ಡಿಂಗ್, ಅದರ ಮೇಲೆ ಬಣ್ಣ! ತುಕ್ಕಿನ ಯಂತ್ರದ ಚಕ್ರಕ್ಕೆ ಸುತ್ತಲೂ ಒಂದೇ ಸಮನೆ ಗೆರೆ ಬಿತ್ತು. ಚಕ್ರವನ್ನು ಹಿಡಿದು ಅಲುಗಾಡಿಸಿದರೂ ಬೇರಿಂಗ್ ಸಡಿಲವಿರಲಿಲ್ಲ.

ಅಬ್ಬ ಹೇಳಿದ್ದು ಇಷ್ಟೇ: "ಬದಲಾಯಿಸೋಕೆ ಆಗೋದು ಕೆಟ್ಟಿದ್ರೆ ಬೆಲೆ ಇಳಿಸು, ಬದಲಾಯಿಸೋಕೆ ಆಗದ್ದು ಕೆಟ್ಟಿದ್ರೆ ಎದ್ದು ಬಾ." ಬ್ಲೇಡ್, ರಬ್ಬರ್, ಬೆಲ್ಟ್, ಬೇರಿಂಗ್ ಇವೆಲ್ಲ ಹಾಕಿಸಿಕೊಳ್ಳಬಹುದು. ಒಡೆದ ಚೌಕಟ್ಟು, ಓರೆಯಾದ ಚಕ್ರ ಹಾಗಲ್ಲ. ತುಕ್ಕಿನ ಯಂತ್ರವೇ ನಮ್ಮ ಮನೆಗೆ ಬಂತು. ರಿಪೇರಿ ಖರ್ಚನ್ನು ಲೆಕ್ಕ ಹಾಕಿ ಅಷ್ಟನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿಕೊಂಡೆವು. ಫೀಸಿನ ಹಣ ಉಳಿಯಿತು.

ಮೋಟರಿನ ಮೇಲಿನ ತಗಡನ್ನೂ ಓದಬೇಕು. ಮೂರು ಫೇಸಿನ ಮೋಟರ್ ಮನೆಯ ಸಿಂಗಲ್ ಫೇಸ್ ಲೈನಿಗೆ ಹಾಗೆಯೇ ಹೊಂದುವುದಿಲ್ಲ. ವೇಗವನ್ನು ನಾವೇ ಲೆಕ್ಕ ಹಾಕಬಹುದು. ಭೌತಶಾಸ್ತ್ರದ ವೃತ್ತೀಯ ಚಲನೆಯ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಚಕ್ರದ ವ್ಯಾಸ 14 ಇಂಚು, ನಿಮಿಷಕ್ಕೆ 825 ಸುತ್ತು ಎಂದುಕೊಳ್ಳಿ. ಪರಿಧಿಯನ್ನು ಸುತ್ತುಗಳಿಂದ ಗುಣಿಸಿದರೆ ಬ್ಲೇಡಿನ ವೇಗ ನಿಮಿಷಕ್ಕೆ ಸುಮಾರು 3,000 ಅಡಿ. ಮರಕ್ಕೆ ಇದು ಸರಿ. ಕಬ್ಬಿಣ ಕೊಯ್ಯುವ ಬ್ಯಾಂಡ್ ಸಾಗಳ ವೇಗ ಇದರ ಹತ್ತನೇ ಒಂದು ಭಾಗ ಅಥವಾ ಇನ್ನೂ ಕಡಿಮೆ. ಅಂಥದ್ದನ್ನು ಮರಕ್ಕೆಂದು ತಂದರೆ ಕೆಲಸ ಸಾಗದು.

ಕೊನೆಗೆ, ನಿಮ್ಮದೇ ಮರದ ತುಂಡು ಒಯ್ದು ಕೊಯ್ಸಿ ನೋಡಿ.

ಬೆರಳುಗಳ ವಿಷಯ

ಗುಂಡು ಕೊಂಬೆಯನ್ನು ಬರಿಗೈಯಲ್ಲಿ ಹಿಡಿದು ಅಡ್ಡ ಕೊಯ್ಯಬಾರದು. ಬ್ಲೇಡ್ ಕಚ್ಚಿ ಅದನ್ನು ಉರುಳಿಸಿದರೆ ಕೈಯೂ ಜೊತೆಗೆ ಹೋಗುತ್ತದೆ. ಕೊಂಬೆ ಉರುಳದಂತೆ ಹಳ್ಳ ತೆಗೆದ ಹಲಗೆಯ ಮೇಲೆ ಕೂರಿಸಿ ಬಿಗಿಯಬೇಕು. ಬ್ಲೇಡಿನ ಮೇಲಿನ ಗೈಡ್ ಮರಕ್ಕಿಂತ ಕಾಲು ಇಂಚು ಮಾತ್ರ ಎತ್ತರದಲ್ಲಿರಲಿ. ಸ್ವಿಚ್ ಆರಿಸಿದ ಮೇಲೂ ಚಕ್ರಗಳು ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತವೆ. ಪೂರ್ತಿ ನಿಲ್ಲುವವರೆಗೆ ಕೈ ಹಾಕಬೇಡಿ. ಮುಚ್ಚಳವಿಲ್ಲದ ಯಂತ್ರ ಎಷ್ಟೇ ಅಗ್ಗವಾಗಿ ಸಿಕ್ಕರೂ ಮೊದಲು ಮುಚ್ಚಳ ಮಾಡಿಸಿ, ಆಮೇಲೆ ಓಡಿಸಿ. ಕಸುಬು ನಡೆಯುವುದು ಯಂತ್ರದಿಂದಲ್ಲ, ಕೈಯಿಂದ.